ಸೆನೆಬ್‌ಕಾಯ್ ಅನ್ನುವ ಈಜಿಪ್ಟ್ ರಾಜ ನಿಜಕ್ಕೂ ಇದ್ದನಾ? ಏನು ಸಾಕ್ಷಿ?

ಇದ್ದ. ಅವನ ಗೋರಿಯೇ ಸಿಕ್ಕಿದೆ, ಮೂಳೆಗಳ ಸಮೇತ. 2014ರ ಜನವರಿಯಲ್ಲಿ ಈಜಿಪ್ಟಿನ ಅಬಿಡೋಸ್ ಎಂಬ ಪುರಾತನ ಜಾಗದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೋಸೆಫ್ ವೆಗ್ನರ್ ತಂಡ ಅದನ್ನು ಪತ್ತೆ ಮಾಡಿತು. ಕಾಲ ಸುಮಾರು ಕ್ರಿ.ಪೂ. 1650. ಆಗ ಈಜಿಪ್ಟ್ ಹರಿದು ಹಂಚಿಹೋಗಿತ್ತು.

ಕಳ್ಳರು ಹಿಂದೆಯೇ ನುಗ್ಗಿ ಮಮ್ಮಿಯನ್ನು ಚಿಂದಿ ಮಾಡಿದ್ದರು. ಆದರೂ ಸುಣ್ಣಕಲ್ಲಿನ ಗೋಡೆಯ ಮೇಲೆ ದೇವತೆಯರ ಬಣ್ಣದ ಚಿತ್ರಗಳು, ಅಂಡಾಕಾರದ ಚೌಕಟ್ಟಿನೊಳಗೆ ರಾಜನ ಹೆಸರು ಉಳಿದಿದ್ದವು. ಮಮ್ಮಿ ಮಾಡುವಾಗ ದೇಹದಿಂದ ತೆಗೆದ ಕರುಳು, ಈಲಿ ಇಡುವ ಜಾಡಿಗಳ ಪೆಟ್ಟಿಗೆ ಇನ್ನೂ ಮಜಾ. ಅದರ ದೇವದಾರು ಹಲಗೆ ಹಿಂದಿನ ರಾಜ ಸೊಬೆಕ್‌ಹೊಟೆಪ್‌ನದು! ಅವನ ಹೆಸರು ಕಾಣದ ಹಾಗೆ ಮೇಲೆ ಚಿನ್ನದ ಲೇಪ ಕೊಟ್ಟಿದ್ದರು. ಖಜಾನೆ ಬರಿದಾಗಿತ್ತು ಅಂತ ಇದರಲ್ಲೇ ಗೊತ್ತಾಗುತ್ತೆ ಅಲ್ವಾ?

ನನಗಂತೂ ಮೂಳೆಗಳ ಕಥೆಯೇ ಜಾಸ್ತಿ ಹಿಡಿಸಿತು. ಒಟ್ಟು 18 ಗಾಯಗಳು. ಪಾದ, ಕಣಕಾಲು, ಸೊಂಟದ ಹತ್ತಿರ ಪೆಟ್ಟು, ತಲೆಬುರುಡೆಗೆ ಕೊಡಲಿ ಏಟು. ಎತ್ತರದಲ್ಲಿ, ಬಹುಶಃ ಕುದುರೆ ಮೇಲೆ ಇದ್ದವನನ್ನು ಕೆಳಗಿನಿಂದ ಹೊಡೆದು ಬೀಳಿಸಿ ಕೊಂದಿರಬೇಕು ಅಂತ ಸಂಶೋಧಕರ ಊಹೆ.

ಇವನ ಪಟ್ಟದ ಹೆಸರು ವೊಸೆರಿಬ್ರೆ. ಟುರಿನ್ ಪಪೈರಸ್ ಅನ್ನುವ ಪ್ರಾಚೀನ ಈಜಿಪ್ಟಿನ ಹಸ್ತಪ್ರತಿಯ ರಾಜರ ಪಟ್ಟಿಯಲ್ಲಿ ‘ವೊಸೆರ್…ರೆ’ ಅಂತ ಹರಿದ ಹೆಸರುಗಳು ಎರಡಿವೆ. ಅದರಲ್ಲೊಂದು ಇವನದೇ ಇರಬಹುದು.