ಹೊಸ ಟೈಲರ್‌ಗಳಿಗೆ ವಿಡಿಯೊ ಪಾಠ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ತರಬೇತಿಯ ಹೊಣೆ ನನ್ನದು. ಪ್ರತಿ ತಿಂಗಳೂ ಹೊಸ ಟೈಲರ್‌ಗಳು ಸೇರುವುದರಿಂದ ವಿಡಿಯೊ ಪಾಠ ಮಾಡಿಸಲು ಆಡಳಿತದವರು ಒಪ್ಪಿದ್ದಾರೆ. ವಿಡಿಯೊ ಸಂಸ್ಥೆಯೊಂದು ನಟರನ್ನಿಟ್ಟು 40 ನಿಮಿಷಗಳ ಚಿತ್ರವನ್ನು ಇಂಗ್ಲಿಷಿನಲ್ಲಿ ತಯಾರಿಸಿ, ಆಮೇಲೆ ಕನ್ನಡ, ಹಿಂದಿ, ಒಡಿಯಾ ಧ್ವನಿ ಜೋಡಿಸಿಕೊಡುವುದಾಗಿ ಹೇಳಿದೆ. ಒಪ್ಪಬಹುದೇ? ಲೈಂಗಿಕ ಕಿರುಕುಳ ತಡೆಯ ತಿಳಿವಳಿಕೆಯನ್ನೂ ಅದರಲ್ಲೇ ಸೇರಿಸಿದರೆ ಸಾಕಾಗುತ್ತದೆಯೇ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಈ ರೂಪದಲ್ಲಿ ಒಪ್ಪಬೇಡಿ ಎಂಬುದು ನನ್ನ ಸಲಹೆ. ನಿಮ್ಮ ಲೈನಿನಲ್ಲಿ ವರ್ಷಗಳಿಂದ ಹೊಲಿಯುತ್ತಿರುವ ಹಿರಿಯ ಟೈಲರ್ ಒಬ್ಬರ ಕೈ ತೋರಿಸುವ ಪಾಠವನ್ನು ಯಾವ ನಟರೂ ತೋರಿಸಲಾರರು.

ಸೂಜಿ ಬದಲಿಸುವ ಕೆಲಸವನ್ನೇ ನೋಡಿ. ಮೋಟಾರ್ ಆಫ್ ಮಾಡಿ, ಪೆಡಲ್‌ನಿಂದ ಕಾಲು ತೆಗೆದು, ಸಾಮಾನ್ಯ ಸಿಂಗಲ್ ನೀಡಲ್ ಯಂತ್ರದಲ್ಲಿ ಸೂಜಿಯ ಉದ್ದನೆಯ ಗೀರು ಎಡಕ್ಕೆ ಬರುವಂತೆ ಕೂರಿಸಿ, ದಾರವನ್ನು ಎಡದಿಂದ ಬಲಕ್ಕೆ ಪೋಣಿಸಬೇಕು. ಕ್ಯಾಮೆರಾವನ್ನು ಟೈಲರ್‌ನ ಎದುರಿಗೆ ಇಟ್ಟರೆ ನೋಡುವವರಿಗೆ ಎಡಬಲ ತಿರುವುಮುರುವಾಗಿ, ಕಲಿಯುವವರು ತಪ್ಪನ್ನೇ ಕಲಿಯುತ್ತಾರೆ. ಆದ್ದರಿಂದ ಕ್ಯಾಮೆರಾ ಅವರ ಹೆಗಲ ಹಿಂದಿನಿಂದ, ಅವರ ಕಣ್ಣಿಗೆ ಕಾಣುವ ಹಾಗೆಯೇ ಕೆಲಸವನ್ನು ನೋಡಬೇಕು. ಸೂಜಿ ಮುರಿದಾಗ ಎಲ್ಲ ತುಂಡುಗಳನ್ನೂ ಹುಡುಕಿ, ಸೂಪರ್‌ವೈಸರ್‌ಗೆ ಒಪ್ಪಿಸಿ, ರಿಜಿಸ್ಟರಿನಲ್ಲಿ ಬರೆಸಿದ ಮೇಲಷ್ಟೇ ಹೊಸ ಸೂಜಿ ಪಡೆಯುವ ಕ್ರಮವನ್ನು ಪ್ರತ್ಯೇಕ ವಿಡಿಯೊ ಮಾಡಿ. ತಪ್ಪಿಹೋದ ಒಂದು ಚೂರು ಮಗುವಿನ ಅಂಗಿಯೊಳಗೆ ಉಳಿಯಬಹುದೆಂಬ ಕಾರಣವನ್ನೂ ಅದರಲ್ಲಿ ಹೇಳಿ.

ಒಂದು ವಿಡಿಯೊದಲ್ಲಿ ಒಂದೇ ಕೆಲಸ, ಮೂರು ನಾಲ್ಕು ನಿಮಿಷ ಸಾಕು. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ಜಾಲದ ಕೋರ್ಸ್‌ಗಳ ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ಅದನ್ನು ನೋಡುವ ಮಧ್ಯಕ ಅವಧಿ ಆರು ನಿಮಿಷವನ್ನು ದಾಟಿರಲಿಲ್ಲ. ಆ ವೀಕ್ಷಕರು ತಾವಾಗಿಯೇ ಕಲಿಯಲು ಬಂದವರು ಎಂಬುದನ್ನು ಮರೆಯಬೇಡಿ. ಬಿಡಿ ವಿಡಿಯೊಗಳಿಂದ ಇನ್ನೊಂದು ಅನುಕೂಲವೂ ಉಂಟು: ಯಂತ್ರ ಬದಲಾದಾಗ ಆ ಒಂದನ್ನಷ್ಟೇ ಮತ್ತೆ ಚಿತ್ರಿಸಿದರಾಯಿತು.

ಮಾತನ್ನು ಇಂಗ್ಲಿಷಿನಲ್ಲಿ ಬರೆದು ಅನುವಾದಿಸಬೇಡಿ. ಹಿರಿಯ ಟೈಲರ್ ತಮ್ಮ ಮಾತಿನಲ್ಲೇ ವಿವರಿಸಲಿ. ಒಡಿಯಾ ಬಲ್ಲವರಿಗೆ ಒಡಿಯಾ ಮಾತನಾಡುವ ಸಹೋದ್ಯೋಗಿಯೇ ಹೇಳಲಿ. ಯಂತ್ರಗಳ ಸದ್ದಿನಲ್ಲಿ ಮಾತು ಕೇಳದು, ಹಾಗಾಗಿ ಧ್ವನಿಯನ್ನು ಆಮೇಲೆ ನಿಶ್ಶಬ್ದ ಕೋಣೆಯಲ್ಲಿ ಮುದ್ರಿಸಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಟ್ಟರೆ ಚಿತ್ರ ಮಿಣುಕುವುದು ತಪ್ಪುತ್ತದೆ. ಚಿತ್ರದಲ್ಲಿ ಕಾಣುವವರ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ, ಆ ದಿನದ ಉತ್ಪಾದನಾ ಗುರಿಯಿಂದ ಅವರಿಗೆ ವಿನಾಯಿತಿ ಕೊಡಿಸಿ.

ವಿಡಿಯೊವನ್ನು ಹಾಕಿ ಹೊರಟುಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆಯು ರೈತರಿಗೆ ಅವರಂಥದೇ ರೈತರು ಕಾಣಿಸಿಕೊಳ್ಳುವ ವಿಡಿಯೊಗಳನ್ನು ತೋರಿಸಿತು. ಅಲ್ಲಿ ಸ್ಥಳೀಯರೊಬ್ಬರು ನಡುನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತ, ಚರ್ಚೆ ನಡೆಸುತ್ತಿದ್ದರು. ನಿಮ್ಮಲ್ಲೂ ಹಾಗೆಯೇ ಆಗಲಿ: ನೋಡಿದ ಕೂಡಲೇ ಹೊಸಬರು ಯಂತ್ರದ ಮುಂದೆ ಕೂತು ಮಾಡಿ ತೋರಿಸಲಿ, ಪಕ್ಕದಲ್ಲಿ ಕಲಿಸುವವರು ನಿಂತಿರಲಿ.

ಕಿರುಕುಳ ತಡೆಯ ವಿಷಯವನ್ನು ಇದರೊಳಗೆ ತುರುಕಬೇಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಮು ನಿಯತವಾಗಿ ಕಾರ್ಯಾಗಾರ ಮತ್ತು ಅರಿವಿನ ಕಾರ್ಯಕ್ರಮಗಳನ್ನು ನಡೆಸುವುದು ಮಾಲೀಕರ ಕರ್ತವ್ಯವೆನ್ನುತ್ತದೆ. ಒಮ್ಮೆ ಚಿತ್ರ ತೋರಿಸಿದರೆ ಆ ಕರ್ತವ್ಯ ತೀರದು. ಕಿರು ವಿಡಿಯೊ ಒಂದರ ಬಳಿಕ ಇಂಥ ದೂರುಗಳನ್ನು ವಿಚಾರಿಸುವ ಆಂತರಿಕ ಸಮಿತಿಯ ಸದಸ್ಯೆಯೊಬ್ಬರು ಕಾರ್ಮಿಕರ ಎದುರು ಕೂತು, ದೂರನ್ನು ಯಾರಿಗೆ, ಹೇಗೆ ಕೊಡಬೇಕೆಂದು ತಾವೇ ತಿಳಿಸಲಿ. ಆ ಹೊತ್ತಿನಲ್ಲಿ ಲೈನ್ ಸೂಪರ್‌ವೈಸರ್‌ಗಳು ಕೊಠಡಿಯಲ್ಲಿ ಇರದಂತೆ ನೋಡಿಕೊಳ್ಳಿ.