ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ರಕಾಶ್ ರೈ ಠೇವಣಿ ಯಾಕೆ ಹೋಯಿತು?

ಪ್ರಶ್ನೆ: ಐದು ಭಾಷೆಯ ಜನ ಗುರುತಿಸುವ ನಟ ಪ್ರಕಾಶ್ ರೈ. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಲ್ಲಿ ಅವರಿಗೆ ಠೇವಣಿಯೂ ದಕ್ಕಲಿಲ್ಲ. ಕಾಂಗ್ರೆಸ್ ಸೋತದ್ದು ಅವರಿಂದಲೇ ಅಂತ ನಮ್ಮ ಮನೆಯಲ್ಲಿ ವಾದ. ನಿಜವೇ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ವಾದ ಮುಗಿಸಲು ಮೂರು ಅಂಕಿ ಸಾಕು. ಗೆದ್ದ ಬಿಜೆಪಿಯ ಪಿ.ಸಿ. ಮೋಹನ್ 6,02,853, ಕಾಂಗ್ರೆಸ್‌ನ ರಿಜ್ವಾನ್ ಅರ್ಷದ್ 5,31,885, ಪಕ್ಷೇತರರಾಗಿ ನಿಂತು ಮೂರನೆಯವರಾದ ರೈ 28,906. ಗೆಲುವಿನ ಅಂತರ 70,968. ರೈ ಪಡೆದ ಅಷ್ಟೂ ಮತ ಕಾಂಗ್ರೆಸ್‌ಗೆ ಹೋಗಿದ್ದರೂ ಮೋಹನ್ ಗೆಲ್ಲುತ್ತಿದ್ದರು. ಠೇವಣಿ ಉಳಿಯಲು ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಈ ಮೂವರ ಮತವನ್ನಷ್ಟೇ ಕೂಡಿ ಭಾಗಿಸಿದರೂ 1,93,940 ದಾಟುತ್ತದೆ. ಅಂದರೆ ದೂರ ಬಹಳವೇ ಇತ್ತು.

ಕಾರಣಗಳಲ್ಲಿ ಮೊದಲನೆಯದು ಚಿಹ್ನೆ. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸಾತಿಯ ಗಡುವು ಮುಗಿದ ಮೇಲೆ. ಆ ಸಲ ಅದು ಮಾರ್ಚ್ 29. ಮತದಾನ ಏಪ್ರಿಲ್ 18, ಬಹಿರಂಗ ಪ್ರಚಾರಕ್ಕೆ 16ರ ಸಂಜೆಯೇ ತೆರೆ. ಹದಿನೆಂಟು ದಿನದಲ್ಲಿ ಮಹದೇವಪುರದಿಂದ ಚಾಮರಾಜಪೇಟೆವರೆಗಿನ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ‘ನನ್ನದು ವಿಷಲ್’ ಅಂತ ಮುಟ್ಟಿಸಬೇಕು. ಕಮಲಕ್ಕೂ ಕೈಗೂ ಆ ಕಷ್ಟವಿಲ್ಲ. ಯಂತ್ರದಲ್ಲೂ ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೇಲೆ, ಪಕ್ಷೇತರರದು ಕೆಳಗೆ.

ಎರಡನೆಯದು ಬೂತ್. ಸೆಲ್ಫಿಗೆ ಮುಗಿಬಿದ್ದವರೆಲ್ಲ ಬೆಳಗ್ಗೆ ಆರಕ್ಕೆ ಬೂತ್ ಏಜೆಂಟರಾಗಿ ಬಂದು ಕೂರುವುದಿಲ್ಲ. ಜೊತೆಗೆ, ರೈ ಮಾತಿಗೆ ತಲೆದೂಗುವವರಲ್ಲೇ ಬಹಳಷ್ಟು ಜನ ‘ಮತ ಒಡೆಯುವುದು ಬೇಡ’ ಎಂದು ಕೈಗೆ ಒತ್ತಿದರು ಎಂಬುದು ನಮ್ಮ ಅಂದಾಜು.

ಮಂಡ್ಯದಲ್ಲಿ ಸುಮಲತಾ ಪಕ್ಷೇತರರಾಗಿಯೇ ಗೆದ್ದರಲ್ಲ ಎನ್ನಬಹುದು. ಅದೇ ಚುನಾವಣೆಯಲ್ಲಿ 1,25,876 ಮತಗಳ ಅಂತರದಿಂದ ಗೆದ್ದರು, ನಿಜ. ಆದರೆ ಅಲ್ಲಿ ಬಿಜೆಪಿ ಅಭ್ಯರ್ಥಿಯನ್ನೇ ಹಾಕದೆ ಬೆಂಬಲಿಸಿತ್ತು. ಅಂಬರೀಶ್ ತೀರಿಕೊಂಡು ಐದು ತಿಂಗಳೂ ಆಗಿರಲಿಲ್ಲ. ಅದೇ ಹೆಸರಿನ ಇನ್ನೂ ಮೂವರು ಕಣದಲ್ಲಿದ್ದರೂ ಜನ ಫೋಟೊ ನೋಡಿ ಒತ್ತಿದರು.

ಪ್ರಶ್ನೆ: ಅವರು ರೈಯೋ, ರಾಜೋ? ರಾಜಕೀಯದ ಮಾತು ಶುರುವಾದದ್ದು ಯಾವಾಗ?
— ಓದುಗರು, ಬನಶಂಕರಿ

ಉತ್ತರ: ಬೆಂಗಳೂರಲ್ಲಿ 1965ರಲ್ಲಿ ಹುಟ್ಟಿದ್ದು ಪ್ರಕಾಶ್ ರೈ. ತಮಿಳಿಗೆ ಹೋದಾಗ ನಿರ್ದೇಶಕ ಕೆ. ಬಾಲಚಂದರ್ ‘ರಾಜ್’ ಮಾಡಿದರು. ಕನ್ನಡಿಗರ ಬಾಯಲ್ಲಿ ಇವತ್ತಿಗೂ ರೈಯೇ. ಅವರು ಬಹಿರಂಗವಾಗಿ ಕಟುವಾಗಿ ಮಾತಾಡತೊಡಗಿದ್ದು ಗೆಳತಿ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿನಗರದ ಮನೆ ಬಾಗಿಲಲ್ಲೇ ಕೊಂದ ಮೇಲೆ. ಚುನಾವಣೆ ಸೋತ ಮೇಲೂ ಸುಮ್ಮನಾಗಲಿಲ್ಲ. ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರ ಜೊತೆ ನಿಂತರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಮೂರು ವರ್ಷಕ್ಕೂ ಮಿಕ್ಕಿ ಧರಣಿ ಕೂತದ್ದು ರೈತರು. ನಟ ಬಂದದ್ದರಿಂದ ಕ್ಯಾಮೆರಾಗಳು ಬಂದವು. ನಮ್ಮ ಮಟ್ಟಿಗೆ ಅವರ ಸಾರ್ವಜನಿಕ ಬದುಕಿನಲ್ಲಿ 28,906 ಮತಗಳಿಗಿಂತ ತೂಕದ್ದು ಇದು.

ಪ್ರಶ್ನೆ: ನಮ್ಮ ಬಡಾವಣೆಯ ಹೋರಾಟಗಾರರೊಬ್ಬರು (ಧಾರಾವಾಹಿಯಲ್ಲೂ ನಟಿಸಿದ್ದಾರೆ) ವಿಧಾನಸಭೆಗೆ ಪಕ್ಷೇತರರಾಗಿ ನಿಲ್ಲುತ್ತಾರಂತೆ. ಎಲ್ಲಿ ಎಡವುತ್ತಾರೆ?
— ಓದುಗರು, ಹೆಗ್ಗನಹಳ್ಳಿ

ಉತ್ತರ: ಸೂಚಕರಲ್ಲಿ, ಅಂದರೆ ನಾಮಪತ್ರಕ್ಕೆ ಸಹಿ ಹಾಕಿ ಅಭ್ಯರ್ಥಿಯ ಹೆಸರು ಸೂಚಿಸುವವರಲ್ಲಿ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಬೆಂಗಳೂರಲ್ಲಿ ರಸ್ತೆ ದಾಟಿದರೆ ಕ್ಷೇತ್ರ ಬದಲಾಗುತ್ತದೆ. ಎದುರು ಸಾಲಿನ ಮನೆಯವರು ಒಬ್ಬರು ಸಹಿ ಹಾಕಿದ್ದರೂ ಉಳಿಯುವುದು ಒಂಬತ್ತು, ನಾಮಪತ್ರ ತಿರಸ್ಕೃತ. ಆದ್ದರಿಂದ ಸಹಿಗೆ ಮುಂಚೆ ಮತದಾರರ ಪಟ್ಟಿಯಲ್ಲಿ ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿಕೊಳ್ಳಿ. ನಾಲ್ಕು ಪ್ರತಿಗಳವರೆಗೆ ಸಲ್ಲಿಸಬಹುದು; ಎರಡನೆಯದಕ್ಕೆ ಬೇರೆ ಹತ್ತು ಜನರ ಸಹಿ ಹಾಕಿಸಿ. ಠೇವಣಿ ಒಂದೇ: 10,000 ರೂಪಾಯಿ, ಪರಿಶಿಷ್ಟರಿಗೆ 5,000.

ಆಸ್ತಿ, ಸಾಲ, ಪ್ರಕರಣಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡುವಂತಿಲ್ಲ, ಇಲ್ಲದ್ದಕ್ಕೆ ‘ಇಲ್ಲ’ ಎಂದೇ ಬರೆಯಬೇಕು. ನಾಮಪತ್ರ ಕೊಟ್ಟ ಖುಷಿಯಲ್ಲಿ ಪ್ರಮಾಣವಚನ ಮರೆಯುವವರಿದ್ದಾರೆ. ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಆಗಲೇಬೇಕು. ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಒಂದು ದಿನ ಮೊದಲೇ ತೆರೆದಿರಲಿ. ಸೋತ ಬೇಸರದಲ್ಲಿ ಲೆಕ್ಕ ಕೊಡದೆ ಕೂರಬೇಡಿ. ಫಲಿತಾಂಶದ 30 ದಿನದೊಳಗೆ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಪ್ರಶ್ನೆ: ಫ್ರೀಡಂ ಪಾರ್ಕ್‌ಗೂ ಒಬ್ಬ ಕನ್ನಡ ನಟಿಗೂ ಸಂಬಂಧವಿದೆಯಂತೆ?
— ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಸ್ನೇಹಲತಾ ರೆಡ್ಡಿ. ‘ಸಂಸ್ಕಾರ’ ಚಿತ್ರದ ಚಂದ್ರಿ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ, ಬರೋಡಾ ಡೈನಮೈಟ್ ಪ್ರಕರಣದ (ಸರ್ಕಾರದ ವಿರುದ್ಧ ಸ್ಫೋಟದ ಸಂಚು ಎಂಬ ಆರೋಪದ) ಹೆಸರಿನಲ್ಲಿ ಹಿಡಿದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಟ್ಟರು. ಕೊನೆಗೆ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಅವರಿಗೆ ಆಸ್ತಮಾ ಇತ್ತು. ರಾತ್ರಿ ಹೊತ್ತು ಅವರ ಚೀತ್ಕಾರ ಕೇಳುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಬರೆದಿದ್ದಾರೆ. ಎಂಟು ತಿಂಗಳ ನಂತರ ಪೆರೋಲ್ ಮೇಲೆ ಬಿಟ್ಟರು. 1977ರ ಜನವರಿ 20ರಂದು ತೀರಿಕೊಂಡರು.

ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಹಳೇ ಆವರಣವೇ ಫ್ರೀಡಂ ಪಾರ್ಕ್ ಆಯಿತು. ಬ್ಯಾರಕ್, ಕಾವಲು ಗೋಪುರ ಇನ್ನೂ ನೋಡಬಹುದು. ಇಂದು ಬೆಂಗಳೂರಲ್ಲಿ ಧರಣಿಗೆ ಅನುಮತಿ ಕೇಳಿದರೆ ಪೊಲೀಸರು ತೋರಿಸುವುದು ಇದೇ ಜಾಗ. ದೇವನಹಳ್ಳಿ ರೈತರು ಬಂದು ಕೂತದ್ದೂ ಇಲ್ಲೇ.