ಜೈಲು ಸೇರಿ ನಾಲ್ಕೇ ದಿನ ಆಗಿರೋ ತಮ್ಮ 'ಬದುಕೋದು ಬೇಡ' ಅಂತಿದ್ದಾನೆ. ಹೊರಗಿರೋ ನಾವು ಏನು ಮಾಡಬಹುದು?

ತಮ್ಮ ಒಳಗೆ ಹೋಗಿ ನಾಲ್ಕೇ ದಿನ ಅಂದಿದ್ದೀರಿ. ಮುಂದಿನ ಭೇಟಿಯವರೆಗೆ ಕಾಯಬೇಡಿ, ಅವನ ಮಾತು ಇವತ್ತೇ ಕಾಗದದಲ್ಲಿ ಜೈಲು ಸೇರಲಿ. ಮೊದಲ ದಿನಗಳೇ ಹೆಚ್ಚು ಅಪಾಯದವು. ಆಮೇಲೆ ಜಾಮೀನು ವಜಾ ಆದ ದಿನ, ಕೋರ್ಟಿನಿಂದ ವಾಪಸ್ ಬಂದ ರಾತ್ರಿ, ಮನೆಯ ಕೆಟ್ಟ ಸುದ್ದಿ ಮುಟ್ಟಿದ ಹೊತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕದಲ್ಲಿ 2022ರಲ್ಲಿ ದೇಶದ ಜೈಲುಗಳಲ್ಲಾದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆಗಳು.

ಪತ್ರ ಅಧೀಕ್ಷಕರಿಗೆ, ಒಂದು ಪ್ರತಿ ಜೈಲಿನ ವೈದ್ಯಾಧಿಕಾರಿಗೆ. ಹೆಸರು, ತಂದೆಯ ಹೆಸರು, ಯುಟಿಪಿ (ವಿಚಾರಣಾಧೀನ ಕೈದಿ) ನಂಬರ್, ಠಾಣೆ, ಕ್ರೈಂ ನಂಬರ್ ಇರಲಿ. 'ಬೇಜಾರಲ್ಲಿದ್ದಾನೆ' ಅಂತ ಬರೆದರೆ ಕಡತಕ್ಕೆ ಸೇರಿ ಸುಮ್ಮನಾಗುತ್ತದೆ. ಅವನು ಆಡಿದ ಮಾತನ್ನೇ ದಿನಾಂಕ ಹಾಕಿ ಬರೆಯಿರಿ. ಹಿಂದೆ ಪ್ರಯತ್ನ ಮಾಡಿದ್ದರೆ ಅದನ್ನೂ ಹೇಳಿ. ಮಾತ್ರೆ ನುಂಗುತ್ತಿದ್ದರೆ ಯಾವುದು, ಎಷ್ಟು ಮಿಲಿಗ್ರಾಂ, ಕೊನೆಗೆ ನುಂಗಿದ್ದು ಯಾವತ್ತು. ವೈದ್ಯರ ಚೀಟಿಯ ಜೆರಾಕ್ಸ್ ಲಗತ್ತಿಸಿ. ಕುಡಿತ ಮಾತ್ರ ಮುಚ್ಚಿಡಬೇಡಿ. ದಿನಾ ಕುಡಿಯುವವರಿಗೆ ತಟ್ಟನೆ ನಿಂತರೆ ಒಂದು ದಿನದೊಳಗೆ ನಡುಕ, ಎರಡು-ಮೂರು ದಿನಕ್ಕೆ ಭ್ರಮೆ ಶುರುವಾಗಬಹುದು, ಕಾವಲಿನವರಿಗೆ ಅದು ನಾಟಕದಂತೆ ಕಾಣುತ್ತದೆ. ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಒಂಟಿ ಸೆಲ್ಲಿಗೆ ಹಾಕಬೇಡಿ ಎಂದು ಸ್ಪಷ್ಟವಾಗಿ ಕೇಳಿ. ಕಾಯುವುದು ಸುಲಭ ಅಂತ ಹಾಗೆ ಮಾಡುವುದುಂಟು, ಆದರೆ ಒಂಟಿತನವೇ ಅಪಾಯ ಹೆಚ್ಚಿಸುತ್ತದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2023ರ ಸಲಹೆಯಲ್ಲೂ ತರಬೇತಿ ಪಡೆದ ಸಹಬಂದಿಯನ್ನು ಜೊತೆಗೆ ಬಿಡುವ ಮಾತಿದೆ.

ಇದೇ ಪತ್ರದ ಪ್ರತಿ ಇಟ್ಟು, ಮನೋವೈದ್ಯರಿಂದ ತಪಾಸಣೆ ಮಾಡಿಸುವಂತೆ ನ್ಯಾಯಾಲಯಕ್ಕೆ ಮೆಮೊ (ಲಿಖಿತ ಮನವಿ) ಹಾಕಲು ವಕೀಲರಿಗೆ ಹೇಳಿ. ವಕೀಲರಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100. 'ಹುಚ್ಚನ ಹಣೆಪಟ್ಟಿ ಬೀಳುತ್ತೆ, ಹೊಸ ಕೇಸ್ ಆಗುತ್ತೆ' ಅನ್ನುವ ಭಯಕ್ಕೆ ಸುಮ್ಮನಿರುವ ಮನೆಯವರೇ ಹೆಚ್ಚು. ಸಾಯಬೇಕು ಅನ್ನಿಸುತ್ತಿದೆ ಎಂದು ಹೇಳಿಕೊಳ್ಳುವುದು ಅಪರಾಧವೇ ಅಲ್ಲ. ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ.

ಭೇಟಿಯಲ್ಲಿ ನೇರವಾಗಿ ಕೇಳಿ: "ಸಾಯ್ಬೇಕು ಅನ್ನಿಸ್ತಿದೆಯೇನೋ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. "ನಾಳೇನೇ ಬಿಡಿಸ್ತೀವಿ" ಅನ್ನಬೇಡಿ, ಆ ನಾಳೆ ಸುಳ್ಳಾದರೆ ಇನ್ನಷ್ಟು ಕುಸಿಯುತ್ತಾನೆ. ಮುಂದಿನ ವಾಯಿದೆ ಯಾವಾಗ, ಮತ್ತೆ ನೀವು ಬರುವುದು ಯಾವತ್ತು, ಇಷ್ಟು ಹೇಳಿ, ತಪ್ಪದೆ ಹೋಗಿ. ಹೇಗೆ ಮಾತಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಕರೆ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ.

ಜಾಮೀನು ಆದೇಶದ ದಿನ ಬೆಳಗ್ಗೆಯೇ ಜೈಲಿಗೆ ತಿಳಿಸಿಡಿ. ವಜಾ ಆದರೆ ಆ ಸುದ್ದಿ ಸಂಜೆ ಸೆಲ್ಲಿಗೆ ಬೀಗ ಬಿದ್ದ ಮೇಲೆ ಯಾರ್‍ಯಾರದೋ ಬಾಯಿಂದ ಅವನ ಕಿವಿಗೆ ಬೀಳಬಾರದು.